ಅಳಿವೆಯಾಚೆಯ ತೆರೆ

ಮೂಲ್ಕಿಯ ಶಾಂಭವಿ ನದಿಯಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರ ಫೋಟೊಗಳನ್ನು ನೀವು ನೋಡಿರಬಹುದು. ದಡದುದ್ದಕ್ಕೂ ತೆಂಗು, ಕಾಂಡ್ಲಾ ಗಿಡ, ಅಲುಗದ ನೀರು. ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್, ಕಲಿತವರ ಬಾಯಲ್ಲಿ ಸಪ್, ಅಂದರೆ ಇಷ್ಟೇ ಎಂದುಕೊಂಡು ಹೆಚ್ಚಿನ ಪ್ರವಾಸಿಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದೇ ಹಲಗೆಯನ್ನು ಅಳಿವೆ ದಾಟಿಸಿ ಕಡಲಿನ ತೆರೆ ಏರುವುದು ಬೇರೆಯೇ ವಿದ್ಯೆ. ಅದನ್ನು ಕಲಿಸುವ ಮೊಗವೀರರ ಮನೆಯ ಯುವಕರೊಬ್ಬರನ್ನು ಕಾಣಲೆಂದೇ ನಾನು ಸಸಿಹಿತ್ಲುವಿಗೆ ಹೋದದ್ದು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ.

ಬೋರ್ಡನ್ನು ನೀರಿಗಿಳಿಸುವ ಮೊದಲು ಅವರು ದಂಡೆಯ ಮೇಲೆ ಬಹಳ ಹೊತ್ತು ನಿಲ್ಲುತ್ತಾರೆ. ಕಲಿಯಲು ಬಂದವರು ಚಡಪಡಿಸಿದರೂ ಅವಸರವಿಲ್ಲ. ಶಾಂಭವಿ, ನಂದಿನಿ ಎರಡೂ ನದಿಗಳು ಇಲ್ಲಿಯೇ ಸಮುದ್ರ ಸೇರುತ್ತವೆ. ಅವು ತಂದ ಮರಳು ನೀರಿನಡಿಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಜಾಗ ಬದಲಿಸಿರುತ್ತದೆ. ತೆರೆ ಒಡೆಯುವುದು ಆ ದಿಬ್ಬದ ಮೇಲೆ. ನೀರಿನ ಆಳವು ತೆರೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ತೆರೆಯ ಬುಡ ನಿಧಾನಿಸುತ್ತದೆ, ತಲೆ ಮುಂದಕ್ಕೆ ವಾಲುತ್ತದೆ. ಒಂದು ಮೀಟರ್ ತೆರೆ ಒಡೆಯುತ್ತಿದೆಯೆಂದರೆ ಅಲ್ಲಿ ನೀರು ಹೆಚ್ಚುಕಡಿಮೆ ಎದೆಮಟ್ಟ.

ಇದು ಪುಸ್ತಕದ ಲೆಕ್ಕ. ಅವರದು ಬಣ್ಣದ ಲೆಕ್ಕ. ಬೆಳ್ಳಗೆ ನೊರೆ ಏಳುವಲ್ಲಿ ದಿಬ್ಬವಿದೆ. ಎರಡು ನೊರೆಪಟ್ಟಿಗಳ ನಡುವೆ ನೀರು ಕಂದಾಗಿ, ಸಪಾಟಾಗಿ ಕಂಡರೆ ಅದು ಕಡಲಿನತ್ತ ಎಳೆಯುವ ಸೆಳೆತ. “ಹೊಸಬರಿಗೆ ಅದೇ ಚಂದ ಕಾಣುದು. ತೆರೆ ಇಲ್ಲ ಅಲ್ವಾ, ಅಲ್ಲೇ ಇಳಿಯುದು. ಮತ್ತೆ ವಾಪಸ್ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ರೆ” ಎಂದರು. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಆ ಸೆಳೆತಕ್ಕೆ ಬಲ ಕೊಡುತ್ತದೆ. ಸಿಕ್ಕಿಬಿದ್ದರೆ ಎದುರು ಈಜಬಾರದು, ದಂಡೆಗೆ ಸಮಾನಾಂತರವಾಗಿ ಹುಟ್ಟು ಹಾಕಿ ನೊರೆಯಿರುವ ಕಡೆಗೆ ಸರಿಯಬೇಕು. ಅವರ ಮೊದಲ ಪಾಠ ಇದು. ಹಲಗೆಯ ಮೇಲೆ ಕಾಲಿಡುವುದು ಆಮೇಲೆ.

ಈ ಆಟದ ಹುಟ್ಟೂರು ಹವಾಯಿ. ಕಳೆದ ಶತಮಾನದ ನಡುಭಾಗದಲ್ಲಿ ವೈಕಿಕಿಯ ಕಡಲತೀರದಲ್ಲಿ ಸರ್ಫಿಂಗ್ ಕಲಿಸುತ್ತಿದ್ದವರು, ಶಿಷ್ಯರ ಮೇಲೆ ಕಣ್ಣಿಡಲೂ ದೂರದ ತೆರೆ ಗುರುತಿಸಲೂ ಅನುಕೂಲವೆಂದು, ದೊಡ್ಡ ಹಲಗೆಯ ಮೇಲೆ ಹುಟ್ಟು ಹಿಡಿದು ನಿಲ್ಲುತ್ತಿದ್ದರಂತೆ. ನಡುವೆ ಮರೆಯಾಗಿದ್ದ ಪದ್ಧತಿಗೆ 2000ದ ದಶಕದ ಮೊದಲ ವರ್ಷಗಳಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಮುಂತಾದವರು ಮತ್ತೆ ಜೀವ ಕೊಟ್ಟರು. ಮೂಲ್ಕಿಗೆ ಸರ್ಫಿಂಗ್ ಬಂದದ್ದು ಜ್ಯಾಕ್ ಹೆಬ್ನರ್ ಎಂಬ ಅಮೆರಿಕನ್ ಸನ್ಯಾಸಿಯ ಮೂಲಕ. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅವರ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಅಲ್ಲಿಂದಲೇ ಬೆಳೆದ ಮೂಲ್ಕಿಯ ಹುಡುಗಿ ತನ್ವಿ ಜಗದೀಶ್ 2016ರಲ್ಲಿ ಫಿಜಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರ ಸಪ್ ರೇಸ್‌ಗಿಳಿದರು.

ಪಾಠಕ್ಕೆ ಮರಳುತ್ತೇನೆ. ನದಿಯಲ್ಲಿ ಪಾದಗಳೆರಡೂ ಸಮಾನಾಂತರ, ಭುಜದಷ್ಟು ಅಂತರ, ಕಣ್ಣು ದೂರದಲ್ಲಿ. ಕಾಲನ್ನೇ ನೋಡುತ್ತ ನಿಂತವರು ನೀರಿಗೆ ಬೀಳುತ್ತಾರೆ. ಕಡಲಲ್ಲಿ ಈ ನಿಲುವು ನಿಲ್ಲದು. ಹೊರಗೆ ಹೋಗುವಾಗ ಹಲಗೆಯ ಮೂತಿ ತೆರೆಗೆ ನೇರವಾಗಿರಬೇಕು, ಓರೆಯಾದರೆ ಮಗುಚಿತು. ನೊರೆ ಹತ್ತಿರ ಬಂದಂತೆ ಒಂದು ಕಾಲು ಹಿಂದಕ್ಕೆ ಹೋಗುತ್ತದೆ, ಮಂಡಿ ಬಾಗುತ್ತದೆ, ಮೂತಿ ಮೇಲೇಳುತ್ತದೆ. ಆ ಗಳಿಗೆಯಲ್ಲೇ ನೊರೆಯೊಳಗೆ ಹುಟ್ಟು ಇಳಿಸಿ ಬಲವಾಗಿ ಎಳೆಯಬೇಕು. ಇಲ್ಲಿ ಹುಟ್ಟು ಊರುಗೋಲಿನ ಕೆಲಸ ಮಾಡುತ್ತದೆ. ಅದು ನೀರಿನಲ್ಲಿದ್ದಷ್ಟು ಹೊತ್ತು ಮೈಗೆ ಆಸರೆ. ಹೆದರಿ ಮೇಲೆತ್ತಿದವರು ಮಾತ್ರ ಬೀಳುವುದನ್ನು ನಾನು ದಂಡೆಯಿಂದ ಮತ್ತೆ ಮತ್ತೆ ನೋಡಿದೆ.

ತೆರೆ ಹಿಡಿಯಲು ಅದು ಬರುವ ಮೊದಲೇ ದಂಡೆಯತ್ತ ತಿರುಗಿರಬೇಕು. ನಾಲ್ಕಾರು ಬಿರುಸಿನ ಹುಟ್ಟು. ಹಲಗೆಯ ಹಿಂಭಾಗ ಎದ್ದದ್ದು ಪಾದಕ್ಕೆ ತಿಳಿಯುತ್ತದೆ. ತಕ್ಷಣ ಭಾರ ಹಿಂಗಾಲಿಗೆ, ಇಲ್ಲವಾದರೆ ಮೂತಿ ನೀರಿಗೆ ಹೂತುಹೋಗುತ್ತದೆ. ಮುಂದಿನದನ್ನು ಅವರಿಂದ ಮಾತಿನಲ್ಲಿ ಹೇಳಿಸಲು ನೋಡಿದೆ. “ಅದು ಹೇಳ್ಲಿಕ್ಕೆ ಬರುದಿಲ್ಲ, ನೋಡಿ” ಎಂದು ಹೊರಟೇಬಿಟ್ಟರು. ಹಲಗೆ ತೆರೆಯ ಮೈಯ ಮೇಲೆ ಓರೆಯಾಗಿ ಜಾರುತ್ತಿತ್ತು, ಹುಟ್ಟಿನ ಅಲಗು ನೀರಗೋಡೆಯನ್ನು ಸವರುತ್ತಿತ್ತು. ಅಷ್ಟು ಸಲೀಸಾಗಿ ಮನುಷ್ಯನೊಬ್ಬ ಕಡಲ ಮೇಲೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಬೀಳುವುದಕ್ಕೂ ಕ್ರಮವಿದೆ. ತಲೆಕೆಳಗಾಗಿ ಧುಮುಕಬಾರದು, ಕೆಳಗೆ ಮರಳಿದೆ. ಹಲಗೆ ಎಂದೂ ತೆರೆಗೂ ನಮಗೂ ನಡುವೆ ಇರಬಾರದು. ಅದರ ಲೀಶ್ ಪಟ್ಟಿ ಕಾಲಿಗೆ ಭದ್ರವಾಗಿರಬೇಕು. ನಿಂತವರಿಗೆ ತೆರೆ ದೂರದಿಂದಲೇ ಕಾಣುವುದರಿಂದ, ಮಲಗಿ ಕೈ ಬೀಸುವ ಸರ್ಫರ್‌ಗಳಿಗಿಂತ ಮೊದಲು ಅದನ್ನು ಹಿಡಿಯಬಲ್ಲರು. ಹಾಗೆಂದು ಎಲ್ಲವನ್ನೂ ತಾವೇ ಬಾಚಿಕೊಳ್ಳುವುದು ಸಲ್ಲದು. ಈ ಮರ್ಯಾದೆ ತಪ್ಪಿದವರನ್ನು ಅವರು ಮುಲಾಜಿಲ್ಲದೆ ದಂಡೆಗೆ ಕರೆಯುತ್ತಾರೆ.

ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಕಡಲು ಹೊಸಬರದಲ್ಲ. ಕಲಿಯುವ ಕಾಲ ಮಳೆ ನಿಂತ ಮೇಲೆ. ಆದರೆ ಪ್ರತಿ ಮಳೆಗಾಲವೂ ದಂಡೆಯನ್ನಷ್ಟು ತಿಂದುಹಾಕಿರುತ್ತದೆ. ಕೊರೆತಕ್ಕೆ ಸುರಿಯುವ ಬಂಡೆಗಲ್ಲುಗಳಿಂದ ಮನೆಗಳು ಉಳಿಯಬಹುದು, ಹಲಗೆ ಇಳಿಸಲು ಮರಳು ಉಳಿಯುವುದಿಲ್ಲ. ಮನೆಯೋ ಮರಳೋ ಎಂದರೆ ಮನೆಯೇ ಎನ್ನಬೇಕಾಗುತ್ತದೆ, ಅದು ನನಗೂ ಗೊತ್ತು. ಆದರೂ ಅಳಿವೆಯ ಮರಳನ್ನು ಅದರ ಪಾಡಿಗೆ ಬಿಡುವ ಬಗ್ಗೆ ಕರಾವಳಿ ಇನ್ನಷ್ಟು ಮಾತಾಡಬೇಕಿತ್ತು.

ಅವರ ಅಜ್ಜ ನಾಡದೋಣಿಯಲ್ಲಿ ನಿಂತು, ಗಳ ಊರಿ ಇದೇ ಅಳಿವೆ ದಾಟುತ್ತಿದ್ದರಂತೆ. ದೋಣಿಗೆ ಇಂಜಿನ್ ಬಂದಮೇಲೆ ನಿಲ್ಲುವ ಅಗತ್ಯವಿರಲಿಲ್ಲ. ಈಗ ಅವರ ತರಗತಿಯಲ್ಲಿ ನಿಲ್ಲಲು ಕಲಿಯುವವರು ಹೆಚ್ಚಿನಂಶ ನಗರದವರು. ಊರಿನ ಮಕ್ಕಳು ದಂಡೆಯಲ್ಲಿ ಕೂತು ನೋಡುತ್ತಾರೆ. ಕಡಲಿಗೆ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿರುವ ಊರು ಇದು, ತಾಯಂದಿರ ಭಯ ಸುಳ್ಳಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಊರ ಮಕ್ಕಳಿಗೆ ಹಣ ತೆಗೆದುಕೊಳ್ಳದೆ ಕಲಿಸುತ್ತೇನೆಂದು ಅವರು ಹೇಳಿ ನೋಡಿದ್ದಾರೆ. “ಬೋರ್ಡ್ ಉಂಟು, ನಾನಿದ್ದೇನೆ. ಮನೆಯಲ್ಲಿ ಹೂಂ ಅನ್ಬೇಕಲ್ಲ?”