ಹೊಸ್ತಿಲು ದಾಟಲಾರದವರ ಪಾಲನೆ

ಸಭೆಯ ಸದಸ್ಯರೊಬ್ಬರು ಹಲವು ತಿಂಗಳುಗಳಿಂದ ಆರಾಧನೆಗೆ ಬಾರದಿದ್ದರೆ ನಾವು ಸಾಮಾನ್ಯವಾಗಿ ಮೂರು ಕಾರಣಗಳನ್ನು ಊಹಿಸುತ್ತೇವೆ: ನಂಬಿಕೆ ತಣ್ಣಗಾಗಿದೆ, ಯಾರೊಡನೆಯೋ ಮನಸ್ತಾಪವಾಗಿದೆ, ಇಲ್ಲವೆ ಬೇರೊಂದು ಸಭೆಯ ಕಡೆಗೆ ಮನಸ್ಸು ವಾಲಿದೆ. ನಾಲ್ಕನೆಯ ಕಾರಣವೊಂದು ಉಂಟೆಂಬುದು ನಮಗೆ ತೋಚುವುದು ಅಪರೂಪ. ಬರಬೇಕೆಂಬ ಆಸೆಯಿದ್ದು, ಭಾನುವಾರ ಬೆಳಗ್ಗೆ ಸಿದ್ಧರಾಗಿಯೂ, ಹೊಸ್ತಿಲ ಬಳಿಗೆ ಬಂದೊಡನೆ ಎದೆಬಡಿತ ಏರಿ, ಉಸಿರು ಕಟ್ಟಿದಂತಾಗಿ ಒಳಕ್ಕೆ ಹಿಂತಿರುಗುವವರೂ ಇರುತ್ತಾರೆ. ಅವರು ತಮ್ಮ ಭಯವನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಮನೆಯವರು ಮೈ ಸರಿಯಿಲ್ಲವೆಂದು ಹೇಳಿ ಕಳುಹಿಸುತ್ತಾರೆ. ಇಂಥವರ ವಿಷಯದಲ್ಲಿ ಸಭಾಪಾಲಕರ ಹೊಣೆ ಎರಡು ಬಗೆಯದು: ಮುಚ್ಚಿದ ಬಾಗಿಲಿನ ಒಳಕ್ಕೆ ಹೋಗುವುದು, ಅಲ್ಲಿಂದ ಅವರ ಜೊತೆಯಲ್ಲಿ ಹೊರಕ್ಕೆ ಬರುವುದು. ಇವುಗಳಲ್ಲಿ ಒಂದನ್ನು ಮಾತ್ರ ಮಾಡಿದರೆ ಪಾಲನೆಯು ಅಪೂರ್ಣವಾಗುತ್ತದೆ.

ರೋಗದ ಸ್ವರೂಪ

ಬರ್ಲಿನ್ನಿನ ವೈದ್ಯನಾದ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲಿ ಈ ಭಯಕ್ಕೆ ‘ಅಗೊರಫೋಬಿಯಾ’ ಎಂಬ ಹೆಸರನ್ನಿಟ್ಟನು. ‘ಅಗೊರ’ ಎಂಬ ಗ್ರೀಕ್ ಪದವು ನಮಗೆ ಹೊಸದಲ್ಲ, ಪೌಲನು ಅಥೇನೆಯಲ್ಲಿ ದಿನಾಲೂ ಜನರೊಡನೆ ವಾದಿಸುತ್ತಿದ್ದ ಪೇಟೆಯನ್ನು ಲೂಕನು ಇದೇ ಪದದಿಂದ ಕರೆಯುತ್ತಾನೆ (ಅ. ಕೃತ್ಯ 17:17). ವೆಸ್ಟ್‌ಫಾಲನ ರೋಗಿಗಳು ವಿಶಾಲವಾದ ಚೌಕಗಳನ್ನೂ ನಿರ್ಜನ ಬೀದಿಗಳನ್ನೂ ದಾಟಲಾರದವರಾಗಿದ್ದರು. ಆದರೆ ಜೊತೆಗೊಬ್ಬರಿದ್ದರೆ ಅವರ ಭಯವು ಬಹಳವಾಗಿ ತಗ್ಗುತ್ತಿತ್ತೆಂದು ಅವನು ದಾಖಲಿಸಿದನು. ಪಾಲನೆಯ ದೃಷ್ಟಿಯಿಂದ ಈ ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು.

ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯು ಐದು ಸನ್ನಿವೇಶಗಳನ್ನು ಹೆಸರಿಸುತ್ತದೆ: ಬಸ್ಸು ರೈಲುಗಳಂಥ ವಾಹನಗಳಲ್ಲಿ ಪ್ರಯಾಣ, ತೆರೆದ ಬಯಲು, ಮುಚ್ಚಿದ ಕಟ್ಟಡ, ಸರತಿಯ ಸಾಲು ಅಥವಾ ಜನಸಂದಣಿ, ಮನೆಯ ಹೊರಗೆ ಒಂಟಿಯಾಗಿರುವುದು. ಇವುಗಳಲ್ಲಿ ಕನಿಷ್ಠ ಎರಡರ ಭಯವು ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದು ಬದುಕನ್ನು ಕುಂಠಿತಗೊಳಿಸಿದಾಗ ಈ ರೋಗವನ್ನು ಗುರುತಿಸಲಾಗುತ್ತದೆ. ‘ಇಲ್ಲಿ ನನಗೇನಾದರೂ ಆದರೆ ತಪ್ಪಿಸಿಕೊಳ್ಳಲಾಗದು, ನೆರವೂ ಸಿಗದು’ ಎಂಬ ಆಲೋಚನೆಯು ಅದರ ತಿರುಳು. ನಮ್ಮ ಆರಾಧನಾಲಯವನ್ನು ಈ ಕಣ್ಣಿನಿಂದ ನೋಡಬೇಕು: ತುಂಬಿದ ಬೆಂಚುಗಳು, ನಡುವೆ ಎದ್ದು ಹೋದರೆ ತಿರುಗುವ ಮುಖಗಳು, ಪ್ರಭುಭೋಜನಕ್ಕೆ ನಿಲ್ಲುವ ಸಾಲು. ನಮಗೆ ಅನ್ಯೋನ್ಯತೆಯ ಗುರುತಾಗಿರುವುದೆಲ್ಲವೂ ಅವರಿಗೆ ಬಲೆಯಂತೆ ಕಾಣಬಹುದು.

ಈ ಭಯದ ಹಿಂದೆ ಅನೇಕ ವೇಳೆ ‘ಪ್ಯಾನಿಕ್ ಅಟ್ಯಾಕ್’ ಎನ್ನಲಾಗುವ ತೀವ್ರ ಗಾಬರಿಯ ಅನುಭವವಿರುತ್ತದೆ. ಎದೆ ಹೊಡೆದುಕೊಳ್ಳುವುದು, ಬೆವರು, ತಲೆಸುತ್ತು, ಈಗಲೇ ಸಾಯುವೆನೆಂಬ ಭಾವನೆ, ಇವು ಕೆಲವೇ ನಿಮಿಷಗಳಲ್ಲಿ ಉತ್ತುಂಗಕ್ಕೇರಿ ಬಳಿಕ ಇಳಿಯುತ್ತವೆ. ಹೃದ್ರೋಗ ಮತ್ತು ಥೈರಾಯ್ಡ್ ತೊಂದರೆಗಳಲ್ಲಿಯೂ ಇಂಥ ಲಕ್ಷಣಗಳು ಕಾಣಿಸಬಹುದಾದುದರಿಂದ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು.

ಭಯವನ್ನು ಪೋಷಿಸುವ ನೆಮ್ಮದಿ

ಬಸ್ ನಿಲ್ದಾಣದವರೆಗೆ ಹೋದ ಒಬ್ಬ ಸಹೋದರಿಯು ಗಾಬರಿಗೊಂಡು ಮನೆಗೆ ಹಿಂತಿರುಗುತ್ತಾಳೆಂದು ಭಾವಿಸೋಣ. ಬಾಗಿಲು ಮುಚ್ಚಿದೊಡನೆ ಆಕೆಗೆ ನೆಮ್ಮದಿಯಾಗುತ್ತದೆ. ಆ ನೆಮ್ಮದಿಯೇ ಆಕೆಯ ಮನಸ್ಸಿಗೆ ತಪ್ಪು ಪಾಠವನ್ನು ಕಲಿಸುತ್ತದೆ: ಮನೆಗೆ ಬಂದುದರಿಂದಲೇ ಬದುಕಿದೆ. ಅಲ್ಲಿಯೇ ಕುಳಿತಿದ್ದರೂ ಗಾಬರಿ ಇಳಿಯುತ್ತಿತ್ತೆಂಬುದನ್ನು ತಿಳಿಯುವ ಅವಕಾಶವೇ ಆಕೆಗೆ ದೊರೆಯುವುದಿಲ್ಲ. ಮರುವಾರ ನಿಲ್ದಾಣದವರೆಗೂ ಹೋಗಲಾಗದು. ಕ್ರಮೇಣ ಬೀದಿಯ ತಿರುವು, ಕೊನೆಗೆ ಅಂಗಳವೇ ಆಕೆಯ ಲೋಕದ ಎಲ್ಲೆಯಾಗುತ್ತದೆ. ಭಯದಿಂದ ಹುಟ್ಟಿದ ತಪ್ಪಿಸಿಕೊಳ್ಳುವಿಕೆಯೇ ಭಯವನ್ನು ಉಳಿಸುತ್ತದೆಂಬ ಈ ವಿವರಣೆಯನ್ನು ಮನಶ್ಶಾಸ್ತ್ರಜ್ಞ ಓ. ಹೋಬರ್ಟ್ ಮೌರರ್ 1947ರಲ್ಲಿ ಮಂಡಿಸಿದನು.

ಚಿಕಿತ್ಸೆಯೂ ಇದೇ ತಿಳುವಳಿಕೆಯನ್ನು ಅನುಸರಿಸುತ್ತದೆ. ಭಯಪಡುವ ಸ್ಥಳವನ್ನು ಹಂತ ಹಂತವಾಗಿ ಎದುರಿಸಿ, ಗಾಬರಿ ಏರಿದಾಗ ಓಡದೆ ನಿಂತು, ಅಂಜಿದ ಕೇಡು ಸಂಭವಿಸಲಿಲ್ಲವೆಂಬುದನ್ನು ಅನುಭವದಿಂದ ಕಲಿಯುವುದು ಅದರ ಮುಖ್ಯ ಭಾಗ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ಅದನ್ನು ನಂಬಿಕೆಯ ಹೆಸರಿನಲ್ಲಿ ನಿಲ್ಲಿಸಲು ಹೇಳುವ ಅಧಿಕಾರ ಯಾವ ಬೋಧಕನಿಗೂ ಇಲ್ಲ.

ವಾಕ್ಯಗಳನ್ನು ಬಳಸುವ ಬಗೆ

ಇಂಥವರಿಗೆ ಹೆಚ್ಚು ನೋವು ಕೊಡುವುದು ಸತ್ಯವೇದದ ವಾಕ್ಯಗಳ ಅವಸರದ ಬಳಕೆ. ಪೂರ್ಣಪ್ರೀತಿಯು ಭಯವನ್ನು ಹೊರಡಿಸುತ್ತದೆಂಬ ಮಾತು (1 ಯೋಹಾನ 4:18) ದಂಡನೆಯ ಭಯವನ್ನು ಕುರಿತದ್ದು. ಅದರ ಹಿಂದಿನ ವಚನವು ನ್ಯಾಯತೀರ್ಪಿನ ದಿನವನ್ನು ಹೆಸರಿಸುತ್ತದೆ. 2 ತಿಮೊಥೆ 1:7ರಲ್ಲಿರುವ ಗ್ರೀಕ್ ಪದ ‘ಡೆಯ್ಲಿಯ’, ಅಂದರೆ ಸಾಕ್ಷಿ ಹೇಳಲು ಹಿಂಜರಿಯುವ ಹೇಡಿತನ. ‘ಫೋಬೊಸ್’ ಎಂಬ ಸಾಮಾನ್ಯ ಪದವು ಅಲ್ಲಿಲ್ಲ. ಆ ‘ಫೋಬೊಸ್’ ಪದವನ್ನು ಪೌಲನು ತನ್ನ ವಿಷಯದಲ್ಲಿಯೇ ಬಳಸಿ, ತಾನು ಕೊರಿಂಥಕ್ಕೆ ಭಯದಿಂದಲೂ ನಡುಕದಿಂದಲೂ ಬಂದೆನೆಂದು ಒಪ್ಪಿಕೊಳ್ಳುತ್ತಾನೆ (1 ಕೊರಿಂಥ 2:3). ಸಭೆಯಾಗಿ ಕೂಡುವುದನ್ನು ಬಿಡಬಾರದೆಂಬ ಎಚ್ಚರಿಕೆಯೂ (ಇಬ್ರಿಯ 10:25) ಒಬ್ಬರನ್ನೊಬ್ಬರು ಪ್ರೋತ್ಸಾಹಿಸುವ ಕರ್ತವ್ಯದೊಡನೆ ಹೆಣೆದುಕೊಂಡಿದೆ. ಬಾರದವರ ಮೇಲೆ ಎಷ್ಟು ಹೊಣೆಯಿದೆಯೋ ಬಂದವರ ಮೇಲೂ ಅಷ್ಟೇ ಇದೆ.

ಭಯವು ಅವಿಶ್ವಾಸದ ಗುರುತೇ ಆಗಿದ್ದರೆ ಚಾರ್ಲ್ಸ್ ಸ್ಪರ್ಜನ್ನನನ್ನು ಏನೆನ್ನಬೇಕು? 1856ರ ಅಕ್ಟೋಬರ್ 19ರಂದು ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಆತನು ಬೋಧಿಸುತ್ತಿದ್ದಾಗ ಯಾರೋ ಬೆಂಕಿಯೆಂದು ಸುಳ್ಳು ಕೂಗೆಬ್ಬಿಸಿದರು. ನೂಕುನುಗ್ಗಲಿನಲ್ಲಿ 7 ಜನರು ಸತ್ತರು. ಆಗ 22 ವರ್ಷದವನಾಗಿದ್ದ ಸ್ಪರ್ಜನ್ನನನ್ನು ಆ ದಿನದ ನೆನಪು ಜೀವಮಾನವೆಲ್ಲಾ ಕಾಡಿತು. ಆದರೂ ಆತನು ಬೋಧಿಸುತ್ತಲೇ ಇದ್ದನು. ಬೋಧಕರನ್ನು ಕುಗ್ಗಿಸುವ ಮನೋವ್ಯಥೆಯ ಕುರಿತು ತನ್ನ ವಿದ್ಯಾರ್ಥಿಗಳಿಗೆ ಮುಚ್ಚುಮರೆಯಿಲ್ಲದೆ ಉಪನ್ಯಾಸ ಮಾಡಿದನು.

ಮುಚ್ಚಿದ ಬಾಗಿಲಿನ ಕೋಣೆ

ಯೋಹಾನ 20ನೆಯ ಅಧ್ಯಾಯದ ಶಿಷ್ಯರು ರೋಗಿಗಳಾಗಿರಲಿಲ್ಲ. ಅವರ ಭಯಕ್ಕೆ ನಿಜವಾದ ಕಾರಣವಿತ್ತು. ಆದರೆ ಭಯದಿಂದ ಬಾಗಿಲು ಮುಚ್ಚಿಕೊಂಡವರನ್ನು ಪುನರುತ್ಥಾನ ಹೊಂದಿದ ಕರ್ತನು ಹೇಗೆ ಸಂಧಿಸಿದನೆಂಬುದು ನಮ್ಮ ಸೇವೆಗೆ ಮಾದರಿಯಾಗಿದೆ. ಆತನು ಹೊರಗೆ ನಿಂತು ಅವರನ್ನು ಕರೆಯಲಿಲ್ಲ. ಒಳಗೆ ಬಂದು ನಡುವೆ ನಿಂತು ಸಮಾಧಾನವನ್ನು ನುಡಿದನು. ಗಾಯಗಳನ್ನು ತೋರಿಸಿದ ಮೇಲೆಯೇ ಅವರನ್ನು ಕಳುಹಿಸುವ ಮಾತನ್ನಾಡಿದನು.

ಅನಂತರ 26ನೆಯ ವಚನವನ್ನು ಗಮನಿಸಬೇಕು. ಎಂಟು ದಿವಸಗಳಾದ ಮೇಲೂ ಬಾಗಿಲುಗಳು ಮುಚ್ಚಿಯೇ ಇವೆ. 19ನೆಯ ವಚನದ ಗ್ರೀಕ್ ಮಾತುಗಳೇ ಇಲ್ಲಿ ಮರಳಿ ಬಂದಿವೆ. ಕರ್ತನನ್ನು ಕಂಡವರು, ಪವಿತ್ರಾತ್ಮನ ಉಸಿರನ್ನು ಹೊಂದಿದವರು, ಕಳುಹಿಸಲ್ಪಟ್ಟವರು ಇನ್ನೂ ಕದವಿಕ್ಕಿಕೊಂಡಿದ್ದಾರೆ. ಅದಕ್ಕಾಗಿ ಆತನು ಅವರನ್ನು ಗದರಿಸಲಿಲ್ಲ. ಎರಡನೆಯ ಸಾರಿ ಬಂದು ಅದೇ ಸಮಾಧಾನವನ್ನು ನುಡಿದನು. ಒಂದು ಭೇಟಿ, ಒಂದು ಪ್ರಾರ್ಥನೆ ಫಲ ಕೊಡಲಿಲ್ಲವೆಂದು ಬೇಸರಪಡುವ ಸಭಾಪಾಲಕರು ಈ ಎರಡನೆಯ ಭಾನುವಾರವನ್ನು ಧ್ಯಾನಿಸಬೇಕು.

ಪಾಲನೆಯ ಕ್ರಮ

ಮೊದಲನೆಯದಾಗಿ, ಒಳಕ್ಕೆ ಹೋಗಬೇಕು. ಎರಡನೆಯ ಶತಮಾನದ ನಡುವಿನಲ್ಲಿ ಹುತಾತ್ಮನಾದ ಜಸ್ಟಿನನು ಭಾನುವಾರದ ಆರಾಧನೆಯನ್ನು ವಿವರಿಸುತ್ತಾ, ಬಾರದಿದ್ದವರಿಗೆ ಸಭಾಸೇವಕರು ಪ್ರಭುಭೋಜನದ ಪಾಲನ್ನು ಒಯ್ಯುತ್ತಿದ್ದರೆಂದು ಬರೆದಿದ್ದಾನೆ. ಆದುದರಿಂದ ಪ್ರಭುವಿನ ಮೇಜನ್ನು ಮನೆಗೆ ಒಯ್ಯುವುದು ಸಭೆಯ ಪುರಾತನ ವಾಡಿಕೆ. ಅದನ್ನು ಕೊಡಲು ಹಿಂಜರಿಯಬಾರದು. ಅನುಮತಿಯಿಲ್ಲದೆ ಅವರ ಹೆಸರನ್ನು ಸಾರ್ವಜನಿಕ ಪ್ರಾರ್ಥನೆಯಲ್ಲಿ ಹೇಳಬಾರದು. ದೆವ್ವದ ಕಾಟವೆಂದು ತೀರ್ಮಾನಿಸಿ ಅವರನ್ನು ಜನರ ಮುಂದೆ ನಿಲ್ಲಿಸುವುದಂತೂ ಇರುವ ಭಯಕ್ಕೆ ಇನ್ನೊಂದನ್ನು ಕೂಡಿಸುವುದೇ ಸರಿ.

ಎರಡನೆಯದಾಗಿ, ಮನೆಯ ಸೇವೆಯು ಸೆರೆಯ ಗೋಡೆಯಾಗಬಾರದು. ಎಲ್ಲವೂ ಮನೆಬಾಗಿಲಿಗೇ ಬಂದರೆ ನಮ್ಮ ಕರುಣೆಯೇ ಅವರ ತಪ್ಪಿಸಿಕೊಳ್ಳುವಿಕೆಗೆ ನೆರವಾಗುವುದು. ಚಿಕಿತ್ಸೆ ನೀಡುವವರ ಸಲಹೆಯಂತೆ, ರೋಗಿಯೇ ಆರಿಸಿಕೊಂಡ ಹಂತಗಳಲ್ಲಿ ಜೊತೆಗೂಡಬೇಕು: ಈ ವಾರ ಅಂಗಳದ ಗೇಟಿನವರೆಗೆ, ಬಳಿಕ ಬೀದಿಯ ಕೊನೆಯವರೆಗೆ, ಒಂದು ಬುಧವಾರ ಯಾರೂ ಇಲ್ಲದ ಆರಾಧನಾಲಯದೊಳಗೆ ಹತ್ತು ನಿಮಿಷ, ಒಂದು ಭಾನುವಾರ ಬಾಗಿಲ ಪಕ್ಕದ ಬೆಂಚಿನಲ್ಲಿ ಮೊದಲ ಗೀತೆಯವರೆಗೆ. ನಡುವೆ ಎದ್ದು ಹೋದರೆ ಯಾರೂ ಕಾರಣ ಕೇಳಬಾರದೆಂದು ಹಿರಿಯರಿಗೆ ಮೊದಲೇ ತಿಳಿಸಿರಬೇಕು. ಜೊತೆಗಾರನೂ ಸಮಯ ಬಂದಾಗ ಹಿಂದೆ ಸರಿಯಬೇಕು. ಇಲ್ಲವಾದರೆ ಅವನೇ ಇನ್ನೊಂದು ಹೊಸ್ತಿಲಾಗುವನು.

ಮೂರನೆಯದಾಗಿ, ನಮ್ಮ ಮಿತಿಯನ್ನು ಅರಿತಿರಬೇಕು. ಸಾಯುವ ಮಾತನ್ನಾಡುವವರನ್ನು ಒಂಟಿಯಾಗಿ ಬಿಡದೆ ತಡವಿಲ್ಲದೆ ವೈದ್ಯರಿಗೆ ಒಪ್ಪಿಸಬೇಕು. ಮನೆಯವರೇ ಹೊರಗೆ ಬಿಡದೆ ತಡೆದಿದ್ದಾರೆಯೇ ಎಂಬುದನ್ನೂ ಏಕಾಂತದಲ್ಲಿ ವಿಚಾರಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು; ಇಂದು ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರ ನೆರವನ್ನು ಕೇಳಬಹುದು. ಆಸ್ಪತ್ರೆಗೆ ಹೋಗುವುದೇ ಅಸಾಧ್ಯವಾದವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ದೂರವಾಣಿ ಸೇವೆಯಾದ ಟೆಲಿ-ಮಾನಸ್ ಉಂಟು. ಅದರ ಸಂಖ್ಯೆ 14416. ಮೊದಲ ಕರೆಯನ್ನು ಮಾಡುವಾಗ ಸಭಾಪಾಲಕರು ಪಕ್ಕದಲ್ಲಿ ಕುಳಿತಿದ್ದರೆ ಅದೂ ಒಂದು ಸೇವೆಯೇ.

ಕೆಲವರು ಪೂರ್ಣವಾಗಿ ಗುಣಹೊಂದುವರು. ಇನ್ನು ಕೆಲವರು ಬಹುಕಾಲ ಬಾಗಿಲ ಪಕ್ಕದ ಬೆಂಚಿನಲ್ಲಿಯೇ ಕೂರುವರು. ಅವರಿಬ್ಬರೂ ಕ್ರಿಸ್ತನ ದೇಹದ ಅಂಗಗಳು. ಹಾಜರಿಯ ಪುಸ್ತಕದಲ್ಲಿ ಹೆಸರು ಕಾಣದವರ ಪಟ್ಟಿಯನ್ನು ಈ ವಾರ ಒಮ್ಮೆ ತೆಗೆದು ನೋಡಿ, ಯಾರ ಮನೆಗೆ ಎರಡನೆಯ ಸಾರಿ ಹೋಗಲಿಲ್ಲವೆಂದು ಕೇಳಿಕೊಳ್ಳುವುದು ನಮಗೆ ತಕ್ಕದ್ದು.