ಹೊಳೆ ಏರುವ ಮುನ್ನ ಊರು ಬಿಡಿಸುವವರು

ಜುಲೈ ಬಂತೆಂದರೆ ಗೋಕಾಕದ ಜನ ಲೋಳಸೂರ ಸೇತುವೆಯ ಸುದ್ದಿ ಕೇಳುತ್ತಿರುತ್ತಾರೆ. ಘಟಪ್ರಭೆ ಸೇತುವೆ ಮೇಲೆ ಹತ್ತಿತೆಂದರೆ ಹೆದ್ದಾರಿ ಬಂದ್. ಪಟ್ಟಣದ ಹಳೇ ದನದ ಪೇಟೆಯವರು ಗಂಟುಮೂಟೆ ಕಟ್ಟಬೇಕು. 2019ರ ಆಗಸ್ಟ್, 2021ರ ಜುಲೈ, ಮತ್ತೆ 2024ರ ಜುಲೈನಲ್ಲಿ ಹೀಗೇ ಆಯಿತು. ಆ ಹೊತ್ತಿನಲ್ಲಿ ಓಣಿ ಓಣಿ ತಿರುಗಿ ಜನರನ್ನು ಎಬ್ಬಿಸುವ ತಾಲ್ಲೂಕು ಆಡಳಿತದ ಕೆಲಸ ಹೇಗೆ ನಡೆಯುತ್ತದೆ ಎಂಬುದು ಹೊಳೆದಂಡೆಯಿಂದ ದೂರ ಇರುವವರಿಗೆ ಅಷ್ಟಾಗಿ ಗೊತ್ತಿಲ್ಲ.

ಮೊದಲು ನೀರಿನ ಲೆಕ್ಕ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಸಾಮರ್ಥ್ಯ 51 ಟಿಎಂಸಿ. ಬೇಸಿಗೆಯ ನೀರಾವರಿಗಾಗಿ ಅದನ್ನು ತುಂಬಿಸಿಕೊಳ್ಳಬೇಕು, ಮಹಾಪೂರ ತಡೆಯಲು ಅದರಲ್ಲಿ ಜಾಗವನ್ನೂ ಉಳಿಸಿಕೊಳ್ಳಬೇಕು. ಎಂಜಿನಿಯರುಗಳಿಗೆ ಪ್ರತಿ ಮಳೆಗಾಲವೂ ಇದೇ ಇಕ್ಕಟ್ಟು. ಆದರೆ ಹಿಡಕಲ್‌ ಗೇಟು ಇಳಿಸಿದ್ದಾರೆಂದು ಗೋಕಾಕ ನಿಶ್ಚಿಂತೆಯಿಂದ ಇರುವಂತಿಲ್ಲ. ಸಹ್ಯಾದ್ರಿಯಿಂದ ಬರುವ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ, ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಮಾರ್ಕಂಡೇಯ ಇನ್ನೂ ಕೆಳಗೆ, ಗೋಕಾಕದ ಸಮೀಪ ಬಂದು ಕೂಡುತ್ತದೆ. ನಡುವೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು ಇದೆ ನಿಜ. ಅದು ಕಾಲುವೆಗೆ ನೀರು ತಿರುಗಿಸಲು ಕಟ್ಟಿದ್ದು, ಮಹಾಪೂರ ಹಿಡಿದಿಡಲು ಅಲ್ಲ. ಹೀಗಾಗಿ ಹಿಡಕಲ್‌ ಹೊರಹರಿವಿನ ಅಂಕಿ ಒಂದನ್ನೇ ನೋಡಿ ಧೈರ್ಯ ತಂದುಕೊಳ್ಳುವುದು ಅಪಾಯ. ಮೂರೂ ಹೊಳೆಗಳ ಕ್ಯೂಸೆಕ್‌ ಕೂಡಿಸಿಯೇ ಮಾತಾಡಬೇಕು.

ಮೂಡಲಗಿಯದು ಬೇರೆ ಬಗೆಯ ಕಷ್ಟ. ಗೋಕಾಕದಿಂದ ಬೇರ್ಪಟ್ಟ ಈ ಹೊಸ ತಾಲ್ಲೂಕಿಗೆ ಮೂರು ಹೊಳೆಯ ನೀರೂ ಒಟ್ಟಾಗಿ ಇಳಿದು ಬರುತ್ತದೆ. ಸುಣಧೋಳಿ, ಅವರಾದಿ, ವಡೇರಹಟ್ಟಿ ಕಡೆಯ ತಗ್ಗಿನ ಸೇತುವೆಗಳು ಬೇಗನೆ ಮುಳುಗುತ್ತವೆ. ಮನೆಗೆ ನೀರು ಬರುವ ಮೊದಲೇ ದಾರಿ ಹೋಗಿರುತ್ತದೆ. ಆದ್ದರಿಂದ ಇಲ್ಲಿ ಬಸುರಿಯರು, ಡಯಾಲಿಸಿಸ್‌ ಮಾಡಿಸಿಕೊಳ್ಳುವವರು ಯಾವ ದಂಡೆಯಲ್ಲಿದ್ದಾರೆ ಎಂಬುದನ್ನು ಸೇತುವೆ ಮುಳುಗುವ ಮೊದಲೇ ತಿಳಿದಿಟ್ಟುಕೊಳ್ಳಬೇಕು.

ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎನ್‌ಡಿಆರ್‌ಎಫ್‌, ಎಸ್‌ಡಿಆರ್‌ಎಫ್‌ ದೋಣಿಗಳು ಟಿ.ವಿ.ಯಲ್ಲಿ ಕಾಣಿಸುತ್ತವೆ. ಆದರೆ ದೋಣಿ ಬೇಕಾಗದಂತೆ ಮಾಡುವುದೇ ಒಳ್ಳೆಯ ಆಡಳಿತ, ಮತ್ತು ಅದು ತಹಶೀಲ್ದಾರ್‌, ಕಂದಾಯ ನಿರೀಕ್ಷಕ, ಗ್ರಾಮ ಆಡಳಿತ ಅಧಿಕಾರಿ, ಪಿಡಿಒ ಇವರ ಕೈಯಲ್ಲಿದೆ. ಡಂಗುರ ಸಾರಿಸುವುದು, ಪಂಚಾಯಿತಿ ಗಾಡಿಗೆ ಮೈಕ್‌ ಕಟ್ಟಿ ಕೂಗಿಸುವುದು, ಟ್ರ್ಯಾಕ್ಟರ್‌ ಗೊತ್ತುಮಾಡುವುದು, ಶಾಲೆಯ ಬೀಗ ತೆಗೆಸುವುದು ಎಲ್ಲವೂ ಅವರ ಪಾಲಿಗೆ ಬರುತ್ತವೆ.

ಬೀಗ ತೆಗೆದ ಶಾಲೆಯೇ ಕಾಳಜಿ ಕೇಂದ್ರ. ಹಿಂದೆ ಇದನ್ನೇ ಗಂಜಿ ಕೇಂದ್ರ ಎನ್ನುತ್ತಿದ್ದರು. ಬೆಂಚುಗಳು ಗೋಡೆಗೆ ಸರಿಯುತ್ತವೆ, ಕೋಣೆಗಳಲ್ಲಿ ಜಮಖಾನೆ ಹಾಸುತ್ತಾರೆ, ಬಿಸಿಯೂಟದ ಒಲೆ ಊರಿಗೇ ಉರಿಯುತ್ತದೆ. ಬಾಗಿಲ ಹತ್ತಿರ ಒಂದು ರಿಜಿಸ್ಟರು: ಮನೆಯ ಯಜಮಾನರ ಹೆಸರು, ರೇಷನ್‌ ಕಾರ್ಡು, ಎಷ್ಟು ಜನ, ಯಾರಿಗೆ ಏನು ಔಷಧ. ಈ ಪುಟಗಳು ಮುಂದೆ ಪರಿಹಾರದ ಪಟ್ಟಿಗೂ ಬುನಾದಿಯಾಗುತ್ತವೆ. ಹೆಸರು ಬರೆಸದೆ ಬಂಧುಗಳ ಮನೆಗೆ ಹೋದವರು ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ ಜನ ಏಕೆ ಹೊರಡುವುದಿಲ್ಲ? 'ಎಮ್ಮಿ ಬಿಟ್ಟು ಹ್ಯಾಂಗ ಬರೂದ್ರೀ?' ಎಂಬ ಮಾತು ಹೊಳೆಸಾಲಿನ ಯಾವ ಊರಿನಲ್ಲೂ ಕೇಳುತ್ತದೆ. ಅದನ್ನು ಹಟ ಎಂದು ಬೈಯುವುದು ತಪ್ಪು. ಹೈನವೇ ವಾರದ ಸಂತೆಗೆ ರೊಕ್ಕ ಕೊಡುವ ಮನೆಗಳವು. ದನಕ್ಕೆ ಎತ್ತರದ ಜಾಗ, ಮೇವು, ಕುಡಿಯುವ ನೀರು ಮೊದಲೇ ಸಿದ್ಧವಿದ್ದ ಊರಿನಲ್ಲಿ ಮನುಷ್ಯರನ್ನು ಕರೆತರುವುದು ಅರ್ಧ ಸುಲಭ. ನನ್ನ ಮಟ್ಟಿಗೆ, ತಾಲ್ಲೂಕಿನ ಸಿದ್ಧತೆಯನ್ನು ಅಳೆಯಬೇಕಾದದ್ದು ಅದರ ಮೇವಿನ ಬಣವೆ ನೋಡಿ.

ನೀರು ಇಳಿದ ಮೇಲೆ ಪಂಚನಾಮೆ. 2019ರಲ್ಲಿ ಬಟ್ಟೆಬರೆ, ಪಾತ್ರೆಪಗಡಗಳಿಗೆ ತಕ್ಷಣ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಸ್ವಲ್ಪ ಹಾನಿಗೆ 50,000 ಎಂದು ಸರ್ಕಾರ ನಿಗದಿ ಮಾಡಿತು. ಮನೆಗಳನ್ನು ಹಾನಿಗೆ ತಕ್ಕಂತೆ ಎ (ಪೂರ್ತಿ ಬಿದ್ದದ್ದು), ಬಿ, ಸಿ (ಅಲ್ಪಸ್ವಲ್ಪ ಹಾನಿ) ಎಂದು ವಿಂಗಡಿಸಿದರು. ಮಣ್ಣಿನ ಗೋಡೆ ನೆನೆದು ನಿಂತಿರುವಾಗ ಸಿ ಎಂದು ಬರೆದದ್ದು, ಬಿಸಿಲಿಗೆ ಒಣಗಿ ಕುಸಿದಾಗ ಎ ಆಗಬೇಕು. ಎರಡನೆಯ ಸಲ ನೋಡಲು ಯಾರಾದರೂ ಬರಬೇಕಲ್ಲ! ಈ ಕೆಲಸ ಜೀವ ಉಳಿಸುವಷ್ಟೇ ದೊಡ್ಡದು, ಅದಕ್ಕೆ ಅಷ್ಟೇ ಜನ ಬೇಕು.

ದಂಡೆಯ ಮೇಲೆ ಇರುವವರು ಮುಂದಿನ ಜೂನ್‌ಗೆ ಮೊದಲೇ ನಿಮ್ಮ ಊರಿನ ಕಾಳಜಿ ಕೇಂದ್ರ ಯಾವುದು, ದನ ಎಲ್ಲಿ ಕಟ್ಟಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಹಕ್ಕುಪತ್ರ, ಆಧಾರ್‌, ಪಾಸ್‌ಬುಕ್‌ಗಳನ್ನು ಒಂದು ಪ್ಲಾಸ್ಟಿಕ್‌ ಚೀಲದಲ್ಲಿ ಕಟ್ಟಿಡಿ. ಜಿಲ್ಲಾ ಸಹಾಯವಾಣಿ 1077.