ನೋವು ಹೋಯಿತು, ಗಾಯ ಹೋಯಿತೆ?

ರಜೆ ಮುಗಿಸಿಕೊಂಡು ಊರಿನಿಂದ ಮಸ್ಕತ್ತಿಗೆ ಮರಳುವ ನಮ್ಮವರ ಪೆಟ್ಟಿಗೆ ಬಿಚ್ಚಿದರೆ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳಗಳ ಸಂಗಡ ನೋವಿನ ಮುಲಾಮಿನ ಒಂದೆರಡು ಟ್ಯೂಬುಗಳು ಇದ್ದೇ ಇರುತ್ತವೆ. ಅದಕ್ಕೆ ಕಾರಣವೂ ಉಂಟು. ಶುಕ್ರವಾರ ಬೆಳಗಾಯಿತೆಂದರೆ ಅಲ್ ಖುವೈರಿನ ಕಟ್ಟಡಗಳ ನಡುವೆ ಉಳಿದ ಖಾಲಿ ಜಾಗಗಳಲ್ಲಿ ಕ್ರಿಕೆಟ್; ಬಿಸಿಲು ಸುಡುವ ತಿಂಗಳುಗಳಲ್ಲಿ ಸಂಜೆ ಒಳಾಂಗಣದ ಬ್ಯಾಡ್ಮಿಂಟನ್. ವಾರವಿಡೀ ಕುರ್ಚಿ ಬಿಟ್ಟೇಳದ ದೇಹ ಆ ಒಂದು ದಿನ ಇಪ್ಪತ್ತರ ಪ್ರಾಯಕ್ಕೆ ಹಿಂತಿರುಗಲು ಹೊರಡುತ್ತದೆ. ಭಾನುವಾರ ಕಛೇರಿಯ ಮೆಟ್ಟಿಲನ್ನು ಯಾರು ಕುಂಟುತ್ತ ಏರುತ್ತಾರೆಂದು ನೋಡಿದರೆ ಸಾಕು, ಯಾವ ತಂಡ ಆಡಿತ್ತೆಂದು ಹೇಳಿಬಿಡಬಹುದು.

ನಾವು ವೈದ್ಯರಲ್ಲ, ರಸಾಯನಶಾಸ್ತ್ರದವರು. ಆದುದರಿಂದ ಡಬ್ಬಿಯೊಳಗೆ ಏನಿದೆ ಎಂಬಲ್ಲಿಂದಲೇ ಮಾತು ಆರಂಭಿಸುತ್ತೇವೆ.

ಆಟದ ಮೈದಾನದಲ್ಲಿ ಬಳಸುವ ತಣ್ಣನೆಯ ಸ್ಪ್ರೇ ತತ್ತ್ವತಃ ನಮ್ಮ ಮಣ್ಣಿನ ಹೂಜಿಯೇ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಸ್ಪ್ರೇಯ ದ್ರವ ಅದೇ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಈಥೈಲ್ ಕ್ಲೋರೈಡ್ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂಥದು, ಚರ್ಮ ತಾಗಿದೊಡನೆ ಹಾರಿಹೋಗುತ್ತದೆ, ಚರ್ಮ ಮರಗಟ್ಟುತ್ತದೆ. ಮುಲಾಮಿನ ಮೆಂಥಾಲಿನದು ಇನ್ನೂ ಸ್ವಾರಸ್ಯದ ಕಥೆ. ಅದು ಚರ್ಮವನ್ನು ಹೇಳಿಕೊಳ್ಳುವಷ್ಟು ತಣ್ಣಗೆ ಮಾಡುವುದೇ ಇಲ್ಲ; ತಂಪನ್ನು ಗುರುತಿಸುವ ನರತುದಿಯನ್ನು ಒತ್ತಿ, ತಂಪಾಯಿತೆಂದು ಮೆದುಳಿಗೆ ಸುಳ್ಳು ಸುದ್ದಿ ಕಳುಹಿಸುತ್ತದೆ. ಮೆಣಸಿನಕಾಯಿಯ ಖಾರ ಬಿಸಿಯೆನಿಸುವುದೂ ಇಂಥದೇ ಮೋಸದಿಂದ. ಈ ಗ್ರಾಹಕಗಳನ್ನು ಬಿಡಿಸಿ ತೋರಿಸಿದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಹುಮಾನ ಬಂತು. ಇನ್ನು ಡೈಕ್ಲೋಫೆನಾಕ್ ಇರುವ ಜೆಲ್ ಸುಳ್ಳು ಹೇಳುವುದಿಲ್ಲ. ಪ್ರೋಸ್ಟಾಗ್ಲ್ಯಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನೇ ತಗ್ಗಿಸಿ ಉರಿ, ನೋವುಗಳನ್ನು ಇಳಿಸುತ್ತದೆ. ಆಸ್ಪಿರಿನ್ ಈ ದಾರಿಯಲ್ಲೇ ಕೆಲಸ ಮಾಡುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು.

ಇವೆಲ್ಲ ಉಪಕಾರಿಗಳೇ, ಸಂದೇಹವಿಲ್ಲ. ಆದರೆ ಇವುಗಳಲ್ಲಿ ಯಾವುದೂ ಹರಿದ ಒಂದೇ ಒಂದು ಎಳೆಯನ್ನೂ ಕೂಡಿಸಲಾರದು. ಕೂಡಿಸುವುದು ದೇಹ, ಅದೂ ತನ್ನದೇ ನಿಧಾನದಲ್ಲಿ. ಇಲ್ಲಿಯೇ ನಮ್ಮವರ ಲೆಕ್ಕ ತಪ್ಪುವುದು.

ಅಜ್ಜಿಯಂದಿರ ಅರಿಶಿನ-ಸುಣ್ಣದ ಪಟ್ಟನ್ನು ಇಲ್ಲಿ ನೆನೆಯದಿದ್ದರೆ ಹೇಗೆ! ಎರಡೂ ಸೇರಿದಾಗ ಕೆಂಪಾಗುವುದು ಔಷಧದ ಮಹಿಮೆಯೆಂದು ಕೆಲವರ ನಂಬಿಕೆ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಅಷ್ಟೆ. ಆರತಿ ತಟ್ಟೆಯ ಓಕುಳಿ ನೀರಿನಲ್ಲಿ ನಡೆಯುವುದೂ ಅದೇ. ಚರ್ಮ ಕಿತ್ತಿದ್ದರೆ ಸುಣ್ಣ ಸುಡುತ್ತದೆ, ಹಚ್ಚಬೇಡಿ. ಆದರೂ ಆ ಪಟ್ಟು ಹಚ್ಚಿಸಿಕೊಂಡವನನ್ನು ಅಜ್ಜಿ ನಾಲ್ಕು ದಿನ ಜಗಲಿಯಿಂದ ಇಳಿಯಗೊಡುತ್ತಿರಲಿಲ್ಲ. ಗುಣದ ಬಹುಪಾಲು ಅದರಲ್ಲೇ ಇತ್ತೆಂದು ನಮ್ಮ ಅನುಮಾನ.

ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಲಿಗಮೆಂಟ್, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಇವೆರಡೂ ಮುಖ್ಯವಾಗಿ ಕೊಲ್ಲಾಜೆನ್ ಎಂಬ ಪ್ರೋಟೀನಿನವು. ಅದು ಮೂರೆಳೆ ಹೊಸೆದ ಹಗ್ಗ. ಹೊಸೆತ ಬಿಚ್ಚದೆ ನಿಲ್ಲಬೇಕಾದರೆ ಸಿ ಜೀವಸತ್ವ ಬೇಕು. ಒಂದು ಸೀಬೆಹಣ್ಣಿನಲ್ಲಿ ಅದು ಧಾರಾಳವಾಗಿದೆ, ದುಬಾರಿ ಗುಳಿಗೆ ಬೇಕಿಲ್ಲ. ಪೆಟ್ಟಾದ ಮೊದಲ ದಿನಗಳಲ್ಲಿ ಊತ, ಬಿಸಿ. ಆಮೇಲೆ ಕೆಲವು ವಾರ ದೇಹ ಅವಸರದಲ್ಲಿ ಸಣ್ಣ, ದುರ್ಬಲ ಎಳೆಗಳನ್ನು ಅಡ್ಡಾದಿಡ್ಡಿಯಾಗಿ ಹಾಕುತ್ತದೆ. ಅನಂತರ ತಿಂಗಳುಗಟ್ಟಲೆ ಅವನ್ನು ತೆಗೆದು ಗಟ್ಟಿ ಎಳೆ ಕೂರಿಸುತ್ತದೆ. ನೋವು ಹೊರಟುಹೋಗುವುದು ಎರಡನೆಯ ಘಟ್ಟದಲ್ಲಿ. ಹಗ್ಗ ಗಟ್ಟಿಯಾಗುವುದು ಮೂರನೆಯದರಲ್ಲಿ. ಈ ನಡುವಿನ ಅವಧಿಯಲ್ಲೇ ಶುಕ್ರವಾರಗಳು ಬರುತ್ತವೆ!

ನಮ್ಮ ಮಿತ್ರರೊಬ್ಬರ ವಿಷಯ. ವಯಸ್ಸು ನಲವತ್ತೆರಡು. ಬ್ಯಾಡ್ಮಿಂಟನ್ ಆಡುತ್ತಿದ್ದಾಗ ಹಿಮ್ಮಡಿಯ ಮೇಲೆ ಯಾರೋ ರ‍್ಯಾಕೆಟ್ಟಿನಿಂದ ಬಾರಿಸಿದಂತಾಯಿತು. ಸಿಟ್ಟಿನಿಂದ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಮನೆಗೆ ಬಂದು ಮುಲಾಮು ತಿಕ್ಕಿದರು, ಮರುದಿನ ಕುಂಟುತ್ತ ನಡೆದರು, ನಡೆಯಲು ಬರುತ್ತದಲ್ಲ, ಉಳುಕೇ ಇರಬೇಕೆಂದು ಹತ್ತು ದಿನ ಎಣ್ಣೆ ನೀವಿಸಿಕೊಂಡರು. ಹರಿದದ್ದು ಅಕಿಲಿಸ್ ಸ್ನಾಯುರಜ್ಜು. ಶಸ್ತ್ರಚಿಕಿತ್ಸೆ, ಬೂಟಿನಂಥ ಪಟ್ಟಿ, ಮೂರು ತಿಂಗಳು ಕಾರು ಓಡಿಸುವಂತಿಲ್ಲ. ಮನೆಯಲ್ಲಿ ಇನ್ನೊಬ್ಬರಿಗೆ ಲೈಸೆನ್ಸಿಲ್ಲದಿದ್ದರೆ ಈ ಊರಿನಲ್ಲಿ ಮೂರು ತಿಂಗಳೆಂದರೆ ಏನೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಇದನ್ನು ಮನೆಯಲ್ಲೇ ಗುರುತಿಸಬಹುದಿತ್ತು. ಮಂಚದ ಮೇಲೆ ಬೋರಲು ಮಲಗಿಸಿ, ಪಾದಗಳನ್ನು ಅಂಚಿನಿಂದ ಹೊರಗೆ ಬಿಟ್ಟು, ಮೀನಖಂಡವನ್ನು ಮೆಲ್ಲಗೆ ಹಿಂಡಿ. ಸರಿಯಿರುವ ಕಾಲಿನ ಪಾದ ತಾನಾಗಿ ಬಾಗುತ್ತದೆ. ರಜ್ಜು ಪೂರ್ತಿ ಹರಿದಿದ್ದರೆ ಅಲುಗುವುದಿಲ್ಲ. ಆಗ ಅದೇ ದಿನ ವೈದ್ಯರಲ್ಲಿಗೆ. ಪಾದದ ಕೀಲು ತಿರುಚಿದವರಿಗೂ ಒಂದು ಸರಳ ಪರೀಕ್ಷೆಯುಂಟು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡದ್ದು. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಕೀಲಿನ ಎರಡು ಬದಿಯ ಮೂಳೆಗುಬ್ಬುಗಳ ಹಿಂಭಾಗ ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಬರಿಯ ಊತ ನೋಡಿ ತೀರ್ಮಾನಿಸಬಾರದು.

ಇಷ್ಟು ಹೇಳಿದರೆ ನಮ್ಮ ಹುಡುಗರು ಕುಂಬ್ಳೆಯವರ ಹೆಸರೆತ್ತುತ್ತಾರೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಡಿಲ್ಲನ್ ಎಸೆತಕ್ಕೆ ದವಡೆ ಮುರಿದು, ತಲೆಗೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಎಸೆದು ಲಾರಾ ಅವರನ್ನು ಔಟ್ ಮಾಡಿದ್ದು ಯಾರಿಗೆ ನೆನಪಿಲ್ಲ? ಧೈರ್ಯವೇ ಸರಿ. ಆದರೆ ಅವರು ಅಲ್ಲಿಂದ ಶಸ್ತ್ರಚಿಕಿತ್ಸೆಗಾಗಿ ನೇರ ಬೆಂಗಳೂರಿಗೆ ಬಂದರು. ಅದಕ್ಕೂ ಹಿಂದಿನ ವರ್ಷ, 2001ರ ಮಾರ್ಚಿನಲ್ಲಿ ಈಡನ್ ಗಾರ್ಡನ್ಸಿನಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿದ ತಂಡದಲ್ಲಿ ಅವರು ಇರಲೇ ಇಲ್ಲ. ಭುಜದ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿದ್ದರು. ದವಡೆಯಿಂದ ಯಾರೂ ಬೌಲ್ ಮಾಡುವುದಿಲ್ಲ, ಭುಜದಿಂದ ಮಾಡುತ್ತಾರೆ. ಆ ಭುಜಕ್ಕೆ ತಿಂಗಳುಗಳನ್ನು ಕೊಟ್ಟದ್ದರಿಂದಲೇ 2008ರಲ್ಲಿ ನಿವೃತ್ತರಾಗುವಾಗ 619 ಟೆಸ್ಟ್ ವಿಕೆಟ್‌ಗಳ ಲೆಕ್ಕ ಬಂತೆಂದು ನಾವು ತಿಳಿಯುತ್ತೇವೆ. ಕೆ. ಎಲ್. ರಾಹುಲ್ ಅವರದೂ ಹಾಗೆಯೇ. 2023ರ ಮೇ 1ರಂದು ಲಕ್ನೋದಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟಾಯಿತು. ಆ ರಾತ್ರಿ ಹನ್ನೊಂದನೆಯವರಾಗಿ ಬ್ಯಾಟು ಹಿಡಿದು ಬಂದದ್ದನ್ನು ಎಲ್ಲರೂ ನೋಡಿದೆವು. ಆಮೇಲಿನ ಶಸ್ತ್ರಚಿಕಿತ್ಸೆಯನ್ನೂ ಬೆಂಗಳೂರಿನ ಅಕಾಡೆಮಿಯ ವ್ಯಾಯಾಮಗಳನ್ನೂ ಯಾರೂ ಟಿ.ವಿ.ಯಲ್ಲಿ ತೋರಿಸಲಿಲ್ಲ. ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದರು.

ಹಾಗಾದರೆ ಪೆಟ್ಟಾದೊಡನೆ ಮಾಡುವುದೇನು? ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಕ್ಕೆ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್, 1978ರಲ್ಲಿ. ಅವರೇ 2014ರಲ್ಲಿ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು ತಿದ್ದಿಕೊಂಡರು. ಊತ ಗುಣವಾಗುವ ಕ್ರಿಯೆಯದೇ ಮೊದಲ ಹೆಜ್ಜೆ ನೋಡಿ. ನೋವು ತಡೆಯದಿದ್ದರೆ ಫ್ರೀಜರಿನ ಬಟಾಣಿ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಸಾಕು. ಪಟ್ಟಿ ಕಟ್ಟಿ, ಕಾಲು ದಿಂಬಿನ ಮೇಲಿರಲಿ. ಮೊದಲ ಎರಡು ಮೂರು ದಿನ ತಿಕ್ಕುವುದು, ಬಿಸಿ ಶಾಖ, ಎಣ್ಣೆ ನೀವುವುದು ಬೇಡ.

ಮೂಳೆಗೆ ಪೆಟ್ಟಾಗಿಲ್ಲವೆಂದು ಖಚಿತವಾದ ಮೇಲೆ ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ಬೇಡ. ಹೊಸ ಎಳೆಗಳು ಒಂದೇ ದಿಕ್ಕಿಗೆ ಸಾಲುಗೂಡುವುದು ಅವುಗಳ ಮೇಲೆ ಮಿತವಾದ ಎಳೆತ ಬಿದ್ದಾಗ ಮಾತ್ರ. ಉಳುಕಿದ ಕಾಲಿನವರು ಕೆಲ ದಿನಗಳಲ್ಲೇ ಪಾದವನ್ನು ಮೆಲ್ಲಗೆ ಆಡಿಸಲಿ, ಮನೆಯೊಳಗೆ ನಡೆಯಲಿ. ಆಮೇಲೆ ಹಲ್ಲುಜ್ಜುವಾಗ ಆ ಒಂದೇ ಕಾಲಿನ ಮೇಲೆ ನಿಲ್ಲಲಿ. ಇದು ಹಾಸ್ಯವಲ್ಲ, ಕೀಲಿನ ಸಮತೋಲನದ ನರಗಳಿಗೆ ಇದೇ ಪಾಠ. ಆಟಕ್ಕೆ ಮರಳುವ ಮುನ್ನ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನು ಎಣಿಸಿ: ಒಳ್ಳೆಯ ಕಾಲಿನಲ್ಲಿ ಇಪ್ಪತ್ತು ಸಲ ಆಗುವುದಾದರೆ ಪೆಟ್ಟಾದ ಕಾಲಿನಲ್ಲೂ ಇಪ್ಪತ್ತು ಆಗಬೇಕು, ಅದೂ ಮುಲಾಮು ಹಚ್ಚದೆ. ಎಣಿಕೆ ಹನ್ನೆರಡಕ್ಕೆ ನಿಂತರೆ ಆ ಶುಕ್ರವಾರ ಸ್ಕೋರು ಬರೆಯಲು ಬನ್ನಿ. ಸ್ಕೋರು ಬರೆಯುವವರು ನಮ್ಮಲ್ಲಿ ಯಾವಾಗಲೂ ಕಡಿಮೆ.